ಶ್ರೀಶೈಲದ ಹಾದಿಯಲ್ಲಿ ಕಂಡ ಕಾಲುಗಳು

ಯುಗಾದಿ ಇನ್ನೂ ದೂರ ಇರುವಾಗಲೇ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಭಕ್ತರ ತಂಡಗಳು ಹೆಗಲ ಮೇಲೆ ಕಂಬಿ ಹೊತ್ತು ಹೊರಟುಬಿಡುತ್ತವೆ. ರಾಯಚೂರು ಜಿಲ್ಲೆ ಹಾಯ್ದು, ಆಂಧ್ರದ ಆತ್ಮಕೂರಿನ ಆಚೆ ನಲ್ಲಮಲ ಕಾಡು ಹೊಕ್ಕು ಶ್ರೀಶೈಲದ ಮಲ್ಲಯ್ಯನ ಮುಂದೆ ನಿಲ್ಲುವ ತನಕ ನೂರಾರು ಕಿಲೋಮೀಟರ್ ನಡಿಗೆ. ಬಿಸಿಲು ನಲವತ್ತು ಡಿಗ್ರಿಯ ಆಸುಪಾಸು. ಹಾದಿಯುದ್ದಕ್ಕೂ ದಾಸೋಹದ ಪೆಂಡಾಲುಗಳು. ಅಂಥದೊಂದರ ಮೂಲೆಯಲ್ಲಿ ಪ್ರತಿವರ್ಷ ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುವ ಮೂಳೆ ವೈದ್ಯ ನಾನು. ಆಸ್ಪತ್ರೆಯಲ್ಲಿ ವರ್ಷವಿಡೀ ಬಿಡಿಬಿಡಿಯಾಗಿ ಕಾಣುವ ಪಾದದ ತೊಂದರೆಗಳೆಲ್ಲ ಇಲ್ಲಿ ಒಂದೇ ಸಂಜೆ ಸಾಲುಗಟ್ಟಿ ಬರುತ್ತವೆ. ಪಾದಯಾತ್ರೆ ಮಾಡದವರಿಗೂ ಉಪಯೋಗಕ್ಕೆ ಬಂದೀತೆಂದು ಕೆಲವನ್ನು ಬರೆದಿದ್ದೇನೆ.

1. ಹೊಸ ಚಪ್ಪಲಿಯಲ್ಲಿ ಹೊರಡಬೇಡಿ

ದೇವರ ಹಾದಿಗೆ ಹೊಸದೇ ಇರಲಿ ಎಂದು ಹಿಂದಿನ ದಿನ ಸಂತೆಯಲ್ಲಿ ಕೊಂಡವರು ಎರಡನೇ ದಿನವೇ ನನ್ನ ಕುರ್ಚಿಗೆ ಬರುತ್ತಾರೆ. ಅಥಣಿ, ನಿಪ್ಪಾಣಿ ಕಡೆ ಹೊಲಿಯುವ ಚರ್ಮದ ಚಪ್ಪಲಿ ಪಳಗಿದ ಮೇಲೆ ಚೆನ್ನ, ಹೊಸದರಲ್ಲಿ ಕಚ್ಚುತ್ತದೆ. ಚಪ್ಪಲಿಯಾಗಲಿ ಶೂ ಆಗಲಿ, ಹೊರಡುವ ಮೂರ್ನಾಲ್ಕು ವಾರ ಮೊದಲೇ ಕೊಂಡು ಹೊಲಕ್ಕೆ, ಅಂಗಡಿಗೆ ಹಾಕಿಕೊಂಡು ಓಡಾಡಿ. ಕೊಳ್ಳಲು ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಆ ಹೊತ್ತಿಗೆ ಉಬ್ಬಿರುತ್ತದೆ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆಟ್ಟಿನಗಲ ಜಾಗ ಉಳಿಯಬೇಕು. ಉಗುರನ್ನು ಮೂಲೆ ಕೊರೆಯದೆ ನೇರವಾಗಿ ಕತ್ತರಿಸಿ. ಮೂಲೆ ಕೊರೆದರೆ ಉಗುರು ಮಾಂಸದೊಳಕ್ಕೆ ಬೆಳೆದು ಕೀವು ಕಟ್ಟುತ್ತದೆ.

2. ಗುಳ್ಳೆಗೆ ಸೂಜಿ ದಾರ ಪೋಣಿಸಬೇಡಿ

"ಸೂಜಿ ದಾರ ಹಾಕಿ ಬಿಡ್ರಿ ಸಾಹೇಬ್ರ, ನೀರು ತಾನ ಬಸೀತೈತಿ." ಪ್ರತಿವರ್ಷ ಕೇಳುವ ಮಾತು. ನಾನು ಹಾಕದಿದ್ದರೆ ಪಕ್ಕದ ಗಿಡದ ನೆರಳಲ್ಲಿ ಹಾಕುವವರು ಇದ್ದೇ ಇದ್ದಾರೆ. ಗುಳ್ಳೆಯೊಳಗೆ ಉಳಿದ ಆ ದಾರ ರಸ್ತೆಯ ಧೂಳು, ಬೆವರನ್ನು ನೇರವಾಗಿ ಚರ್ಮದಡಿಗೆ ಒಯ್ಯುತ್ತದೆ. ಮಾರನೇ ದಿನ ನೀರಿದ್ದಲ್ಲಿ ಕೀವು.

ಸಣ್ಣ ಗುಳ್ಳೆಯನ್ನು ಮುಟ್ಟಬೇಡಿ, ಸುತ್ತ ಪಟ್ಟಿ ಹಾಕಿ ಬಿಡಿ. ದೊಡ್ಡದಾಗಿ ಬಿಗಿದು, ಕಾಲೂರಲು ಆಗದಂತಿದ್ದರೆ ಮಾತ್ರ ಸೋಪಿನಿಂದ ತೊಳೆದು, ಸ್ಪಿರಿಟ್ ಒರೆಸಿ, ಹೊಸ ಇಂಜೆಕ್ಷನ್ ಸೂಜಿಯಿಂದ ಅಂಚಿನಲ್ಲಿ ಒಂದೆರಡು ಕಡೆ ಚುಚ್ಚಿ ಮೆಲ್ಲಗೆ ಒತ್ತಬೇಕು. ಮೇಲಿನ ಚರ್ಮ ಕಿತ್ತು ತೆಗೆಯಬಾರದು. ಅಡಿಯ ಹಸಿಗಾಯಕ್ಕೆ ಅದಕ್ಕಿಂತ ಒಳ್ಳೆಯ ಪಟ್ಟಿ ಯಾವ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ. ಮೇಲೆ ಮುಲಾಮು, ಗಾಜ್, ಟೇಪು. ರಕ್ತ ತುಂಬಿದ ಗುಳ್ಳೆಯನ್ನೂ ಸಕ್ಕರೆ ಕಾಯಿಲೆಯವರ ಗುಳ್ಳೆಯನ್ನೂ ಮನೆಯಲ್ಲಿ ಚುಚ್ಚಲೇಬಾರದು.

ಗುಳ್ಳೆ ಏಳದಂತೆ ತಡೆಯಲು ಅಗ್ಗದ ಉಪಾಯವೊಂದಿದೆ. ಡ್ರೆಸ್ಸಿಂಗಿಗೆ ಬಳಸುವ ಕಾಗದದ ಟೇಪು, ಅಂಗಡಿಯಲ್ಲಿ ಮೈಕ್ರೋಪೋರ್ ಎಂದು ಕೇಳಿದರೆ ಕೊಡುತ್ತಾರೆ. ಎಲ್ಲಿ ಉಜ್ಜುತ್ತದೆಂದು ಗೊತ್ತೋ ಅಲ್ಲಿ ಬೆಳಿಗ್ಗೆಯೇ, ಚರ್ಮ ಒಣಗಿದ್ದಾಗ, ಸುಕ್ಕಿಲ್ಲದಂತೆ ಒಂದು ಪದರ ಅಂಟಿಸಿಕೊಳ್ಳಿ. 250 ಕಿಲೋಮೀಟರ್ ಓಡುವ ಓಟಗಾರರ ಮೇಲೆ ಸ್ಟ್ಯಾನ್‌ಫರ್ಡಿನ ವೈದ್ಯರು ಇದನ್ನು ಪರೀಕ್ಷಿಸಿ, ಗುಳ್ಳೆಗಳು ಸುಮಾರು 40 ಪ್ರತಿಶತ ಕಡಿಮೆಯಾದದ್ದನ್ನು 2016ರಲ್ಲಿ ಪ್ರಕಟಿಸಿದರು. ವ್ಯಾಸಲಿನ್ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಹಚ್ಚಿದ ಹೊಸದರಲ್ಲಿ ಜಾರಿಕೆ ಕೊಡುತ್ತದೆ. ಗಂಟೆಗಳು ಕಳೆದಂತೆ ಉಜ್ಜಾಟ ಮೊದಲಿಗಿಂತ ಜಾಸ್ತಿಯಾಗುತ್ತದೆ.

3. ಉಳುಕಿದ ಕಾಲನ್ನು ತೀಡಿಸುವ ಮುನ್ನ ನಾಲ್ಕು ಹೆಜ್ಜೆ ಇಡಿ

ಕಾಲು ಒಳಕ್ಕೆ ಹೊರಳಿ ಹರಡಿನ ಹೊರಬದಿಯ ಕಟ್ಟು ಎಳೆದುಕೊಳ್ಳುವುದೇ ಸಾಮಾನ್ಯ ಉಳುಕು. ನಮ್ಮಲ್ಲಿ ಊರಿಗೊಬ್ಬರು ಉಳುಕು ತೆಗೆಯುವವರಿದ್ದಾರೆ. ಎಣ್ಣೆ ಹಚ್ಚಿ, ಹೆಬ್ಬೆರಳಿಂದ ಒತ್ತಿ ಎಳೆದು "ಸೊಟ್ಟಾಗಿತ್ತು, ಕೂಡಿಸೀನಿ" ಎನ್ನುತ್ತಾರೆ. ಕಟ್ಟು ಹರಿದ ಜಾಗದಲ್ಲಿ ಮೊದಲ ಎರಡು ದಿನ ತೀಡಿದರೆ ಒಳಗೆ ಇನ್ನಷ್ಟು ರಕ್ತ ಸೋರಿ ಬಾವು ಹೆಚ್ಚುತ್ತದೆ. ಮೂಳೆಯೇ ಮುರಿದಿದ್ದರಂತೂ ಕೇಳಲೇಬೇಡಿ.

ಮುರಿದಿದೆಯೋ ಇಲ್ಲವೋ ಎಂದು ಅಂದಾಜಿಸಲು ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಸರಳವಾದ ನಿಯಮ ಕೊಟ್ಟರು. ಇವತ್ತಿಗೂ ಜಗತ್ತಿನಾದ್ಯಂತ ಅದನ್ನೇ ಅನುಸರಿಸುತ್ತಾರೆ. ಹರಡಿನ ಎರಡೂ ಬದಿ ಉಬ್ಬಿದ ಮೂಳೆಗಳಿವೆಯಲ್ಲ, ಅವುಗಳ ಹಿಂದಿನ ಅಂಚನ್ನು ತುದಿಯಿಂದ ಮೇಲಕ್ಕೆ ಆರು ಸೆಂಟಿಮೀಟರಿನವರೆಗೆ ಬೆರಳಿಂದ ಒತ್ತಿ ನೋಡಿ. ಪಾದದ ಹೊರ ಅಂಚಿನ ನಡುವೆ, ಕಿರುಬೆರಳಿನ ಮೂಳೆ ಶುರುವಾಗುವ ಗಂಟನ್ನೂ, ಒಳಬದಿಯಲ್ಲಿ ಪಾದದ ಕಮಾನಿನ ಮೇಲೆ ಎದ್ದು ಕಾಣುವ ಮೂಳೆಯನ್ನೂ ಒತ್ತಿ. ಮೂಳೆಯ ಮೇಲೆಯೇ ಜೀವ ಹೋದಂತೆ ನೋಯುತ್ತದೆಯೇ? ಬಿದ್ದ ತಕ್ಷಣವೂ ಈಗಲೂ ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲು ಆಗುವುದಿಲ್ಲವೇ? ಎರಡರಲ್ಲಿ ಒಂದಕ್ಕೆ ಹೌದೆಂದರೂ ಎಕ್ಸ್‌ರೇ ಬೇಕು. ಎರಡೂ ಇಲ್ಲವೆಂದರೆ ಮೂಳೆ ಮುರಿದಿರುವ ಸಾಧ್ಯತೆ ತೀರಾ ಕಡಿಮೆ. ಆದರೆ ಅಂಗಾಲಿನ ಸ್ಪರ್ಶ ಕಳೆದುಕೊಂಡವರಿಗೆ ಈ ಲೆಕ್ಕ ಒಗ್ಗುವುದಿಲ್ಲ. ಅವರು ಮುರಿದ ಕಾಲಲ್ಲೇ ನಡೆದುಬಿಡುತ್ತಾರೆ.

ಬರಿಯ ಉಳುಕಾದರೆ ಬೆರಳ ಬುಡದಿಂದ ಮೇಲಕ್ಕೆ ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲು ಎತ್ತರದಲ್ಲಿಟ್ಟು, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ಇಪ್ಪತ್ತು ನಿಮಿಷ ಇಡಿ. ನೋವು ತಗ್ಗಿಸಲು ಅದು ಸಾಕು. ವಿಶ್ರಾಂತಿ, ಐಸು, ಪಟ್ಟಿ, ಎತ್ತರ ಎಂಬ ಸೂತ್ರವನ್ನು 1978ರಲ್ಲಿ ಬರೆದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ ಮುಂದೆ, ಐಸು ಮತ್ತು ಪೂರ್ತಿ ವಿಶ್ರಾಂತಿ ವಾಸಿಯಾಗುವುದನ್ನು ನಿಧಾನಿಸಬಹುದು ಎಂದು ಮಾತು ತಿದ್ದಿಕೊಂಡರು. ಹಾಗಾಗಿ ಎರಡು ಮೂರು ದಿನ ಕಳೆದ ಮೇಲೆ ಪಾದವನ್ನು ಮೇಲೆ ಕೆಳಗೆ ಆಡಿಸಲು ಶುರುಮಾಡಿ. ನೋವು ಇಳಿದ ಮೇಲೆ ಹಲ್ಲುಜ್ಜುವಾಗ ಗೋಡೆ ಹತ್ತಿರ ಒಂಟಿಕಾಲಲ್ಲಿ ನಿಂತು ಅಭ್ಯಾಸ ಮಾಡಿ. ಇದನ್ನು ಹೇಳಿದರೆ ಜನ ನಗುತ್ತಾರೆ. ಆದರೆ ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕದಂತೆ ತಡೆಯಲು ಇದರಷ್ಟು ಫಲ ಕೊಡುವ ಗುಳಿಗೆ ನನ್ನ ಬಳಿ ಇಲ್ಲ.

4. ಹಿಮ್ಮಡಿ ನೋವಿಗೆ ಎಕ್ಸ್‌ರೇಯ ಮುಳ್ಳನ್ನು ಬೈಯಬೇಡಿ

ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿಯಲ್ಲಿ ಚುಚ್ಚಿದಂತಾಗಿ, ನಡೆಯುತ್ತಾ ಹೋದಂತೆ ಕಡಿಮೆಯಾಗುವ ನೋವು ಅಂಗಾಲಿನುದ್ದಕ್ಕೂ ಇರುವ ಪಟ್ಟಿಯಂಥ ಕಟ್ಟಿನದು. ಯಾತ್ರಿಕರಿಗಿಂತ ಹೆಚ್ಚಾಗಿ ಇದು ಶಿಕ್ಷಕರಿಗೆ, ಕಂಡಕ್ಟರುಗಳಿಗೆ, ಅಡುಗೆಮನೆಯ ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುವ ಹೆಂಗಸರಿಗೆ ಬರುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಮುಳ್ಳಿನಂತೆ ಬೆಳೆದಿದ್ದು ಕಂಡು ಹೆದರುತ್ತಾರೆ. ಆ ಮುಳ್ಳು ನೋವೇ ಇಲ್ಲದ ಎಷ್ಟೋ ಕಾಲುಗಳಲ್ಲೂ ಇರುತ್ತದೆ. ಅದನ್ನು ಕೊಯ್ದು ತೆಗೆಸುವ ಆತುರ ಬೇಡ.

ಹಾಸಿಗೆಯಿಂದ ಇಳಿಯುವ ಮೊದಲೇ ಕಾಲನ್ನು ತೊಡೆಯ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು ಹತ್ತು ಎಣಿಸಿ ಬಿಡಿ. ಹತ್ತು ಸಲ. ಆಮೇಲೆ ಗೋಡೆಗೆ ಕೈಕೊಟ್ಟು, ಹಿಂದಿನ ಮೊಣಕಾಲು ಮಡಿಸದೆ ಮೀನಖಂಡ ಎಳೆಯಿರಿ. ಮನೆಯೊಳಗೂ ಮೆತ್ತನೆಯ ಚಪ್ಪಲಿ ಇರಲಿ. ಮಡಿ ಮೈಲಿಗೆಯ ಪ್ರಶ್ನೆ ಬಂದರೆ ಅಡುಗೆಮನೆಗೆಂದೇ ಬೇರೆ ಜೋಡಿ ಇಟ್ಟುಕೊಳ್ಳಿ. ಬಹುಪಾಲು ಜನರಿಗೆ ವರ್ಷದೊಳಗೆ ಆಪರೇಷನ್ ಇಲ್ಲದೆ ವಾಸಿಯಾಗುತ್ತದೆ, ಆದರೆ ವಾರದಲ್ಲಿ ಆಗುವುದಿಲ್ಲ. ಆ ತಾಳ್ಮೆ ಇಲ್ಲದವರು ಮೇಲಿಂದ ಮೇಲೆ ಸ್ಟೀರಾಯ್ಡ್ ಇಂಜೆಕ್ಷನ್ ಕೇಳುತ್ತಾರೆ. ಪದೇ ಪದೇ ಕೊಟ್ಟರೆ ಆ ಪಟ್ಟಿ ಹರಿಯಬಹುದು, ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆಯಬಹುದು.

5. ಮುರಿದ ಮುಳ್ಳು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ

ರಸ್ತೆಬದಿಯ ಬಳ್ಳಾರಿ ಜಾಲಿಯ ಮುಳ್ಳು ಹವಾಯಿ ಚಪ್ಪಲಿಯನ್ನೂ ತೂರಿ ಬರುತ್ತದೆ. ಮೇಲಿನ ತುಂಡು ಕಿತ್ತರೆ ಮುಗಿಯಿತೆಂದುಕೊಳ್ಳುತ್ತಾರೆ. ತಿಂಗಳ ಮೇಲೂ ಬಾವು, ಕೀವು, ಗಂಟಿನ ನೋವು ಉಳಿದರೆ ತುದಿ ಒಳಗಿದೆ ಎಂದೇ ತಿಳಿಯಿರಿ. ಕಟ್ಟಿಗೆಯ ಚೂರು ಎಕ್ಸ್‌ರೇಗೆ ಸಿಕ್ಕುವುದಿಲ್ಲ, ಅಲ್ಟ್ರಾಸೌಂಡಿಗೆ ಸಿಗುತ್ತದೆ. ಧನುರ್ವಾಯು ತಡೆಯುವ ಇಂಜೆಕ್ಷನ್ ಯಾವಾಗ ಹಾಕಿಸಿಕೊಂಡದ್ದು ಎಂದು ನೆನಪಿಲ್ಲದಿದ್ದರೆ ಈಗ ಹಾಕಿಸಿಕೊಳ್ಳಿ.

6. ಮೂಳೆ ದಣಿದೂ ಬಿರುಕು ಬಿಡುತ್ತದೆ

ಎಲ್ಲೂ ಬಿದ್ದಿಲ್ಲ, ಎಡವಿಲ್ಲ, ಆದರೂ ಪಾದದ ಮೇಲ್ಭಾಗ ಉಬ್ಬಿ, ಒಂದೇ ಬಿಂದುವಿನಲ್ಲಿ ಬೆರಳಿಟ್ಟರೆ ನೋವು. ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲಿ ಕವಾಯತು ಮಾಡುವ ಸೈನಿಕರ ಕಾಲುಗಳಲ್ಲಿ ಗುರುತಿಸಿದ್ದು ಇದನ್ನೇ. ವರ್ಷವಿಡೀ ಅಂಗಡಿಯಲ್ಲಿ ಕೂತು ಒಮ್ಮೆಲೇ ದಿನಕ್ಕೆ 40 ಕಿಲೋಮೀಟರ್ ನಡೆದವರಿಗೆ ಬರುತ್ತದೆ. ಮೊದಲ ಎರಡು ಮೂರು ವಾರ ಎಕ್ಸ್‌ರೇ ಶುದ್ಧವಾಗಿಯೇ ಇರಬಹುದು. ರಿಪೋರ್ಟು ನಂಬಿ ನಡೆದರೆ ಬಿರುಕು ಪೂರ್ತಿ ಮುರಿತವಾಗುತ್ತದೆ. ಎರಡು ತಿಂಗಳ ಮೊದಲಿಂದ ದಿನದಿನವೂ ಸ್ವಲ್ಪ ಸ್ವಲ್ಪ ನಡಿಗೆ ಹೆಚ್ಚಿಸುವುದೇ ಇದಕ್ಕಿರುವ ತಡೆ.

7. ನೋಯದ ಕಾಲನ್ನು ಮೊದಲು ನೋಡಿ

ಪೆಂಡಾಲಿಗೆ ಇಬ್ಬರು ಬಂದಿದ್ದರು. ಕುಂಟುತ್ತಿದ್ದವನನ್ನು ಕೂರಿಸಿ, ಅರವತ್ತರ ಹಿರಿಯರು ಪಕ್ಕದಲ್ಲಿ ನಿಂತರು. "ನನಗೇನೂ ಆಗಿಲ್ರಿ, ಇಂವಗ ಪಟ್ಟಿ ಹಾಕ್ರಿ." ಅವರದು ಬರಿಗಾಲ ಹರಕೆ. ಕಾಲೆತ್ತಿ ತೋರಿಸಿ ಎಂದೆ. ಹೆಬ್ಬೆರಳ ಬುಡದಲ್ಲಿ ಡಾಂಬರಿನ ಬಿಸಿಗೆ ಚರ್ಮ ಸುಟ್ಟು ಎದ್ದಿತ್ತು. ಅದರೊಳಗೆ ಸಣ್ಣದೊಂದು ಜಲ್ಲಿಕಲ್ಲು ಹುದುಗಿತ್ತು. ಚಿಮುಟದಿಂದ ತೆಗೆಯುವಾಗಲೂ ಅವರು ಕಂಬಿಯವರ ಜೊತೆ ಮಾತಾಡುತ್ತಲೇ ಇದ್ದರು.

"ಯಾವಾಗ ಹೊಕ್ಕೈತ್ರಿ ಯಜಮಾನ್ರ?"

"ಗೊತ್ತಾಗಿಲ್ರಿ."

"ಸಕ್ಕರಿ ಕಾಯಿಲೆ?"

"ಆತ್ರಿ ಹತ್ತು ವರ್ಷ. ಗುಳಿಗಿ ನುಂಗತೀನಲ್ಲ."

ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿತು. ವರ್ಷಗಳು ಕಳೆದಂತೆ ಸಕ್ಕರೆ ಅಂಗಾಲಿನ ನರಗಳ ಸಂವೇದನೆ ಕಸಿದುಕೊಳ್ಳುತ್ತದೆ. ಸ್ಪರ್ಶವಿಲ್ಲದ ಪಾದ ಏನಾಗುತ್ತದೆ ಎಂಬುದನ್ನು ವೆಲ್ಲೂರಿನ ಆಸ್ಪತ್ರೆಯಲ್ಲಿ ಕುಷ್ಠರೋಗಿಗಳ ನಡುವೆ ದುಡಿದ ಪಾಲ್ ಬ್ರ್ಯಾಂಡ್ ಬಹಳ ಹಿಂದೆಯೇ ತೋರಿಸಿಕೊಟ್ಟರು. ಬೆರಳುಗಳು ತಾವಾಗಿ ಕೊಳೆತು ಉದುರುವುದಿಲ್ಲ, ನೋವು ತಿಳಿಯದ್ದರಿಂದ ಸುಟ್ಟು, ಉಜ್ಜಿ, ಚುಚ್ಚಿಸಿಕೊಂಡು ಹಾಳಾಗುತ್ತವೆ ಎಂದು. ಸಕ್ಕರೆ ಕಾಯಿಲೆಯ ಪಾದಕ್ಕೂ ಇದೇ ಮಾತು. ಕುಷ್ಠರೋಗಿಗಳಿಗೆಂದು ಬಂದ ಎಂಸಿಆರ್ ರಬ್ಬರಿನ ಮೆತ್ತನೆಯ ಚಪ್ಪಲಿಯನ್ನೇ ಇಂದು ಇವರಿಗೂ ಬರೆದುಕೊಡುತ್ತೇವೆ. ನೋಡಲು ಚೆನ್ನಾಗಿಲ್ಲ ಎಂದು ಹಲವರು ಮನೆಯ ಮೂಲೆಗೆ ಎಸೆಯುತ್ತಾರೆ, ಅದು ಬೇರೆ ಮಾತು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಕಣ್ಣು ಮುಚ್ಚಿಸಿ, ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನಿಮ್ಮ ತೋರುಬೆರಳಿಂದ ಒಂದೆರಡು ಸೆಕೆಂಡು ಹಗುರಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ. ಆರರಲ್ಲಿ ಎರಡೋ ಹೆಚ್ಚೋ ಗೊತ್ತಾಗದಿದ್ದರೆ ಆ ಪಾದಕ್ಕೆ ಕಾವಲು ಬೇಕು. ದಿನಾ ರಾತ್ರಿ ಅಂಗಾಲು, ಬೆರಳ ಸಂದು ನೋಡಬೇಕು. ಬಗ್ಗಲು ಆಗದವರು ನೆಲದ ಮೇಲೆ ಕನ್ನಡಿ ಇಟ್ಟುಕೊಳ್ಳಲಿ, ಇಲ್ಲವೇ ಮೊಮ್ಮಕ್ಕಳನ್ನು ಕರೆಯಲಿ. ಚಪ್ಪಲಿ ಮೆಟ್ಟುವ ಮೊದಲು ಒಳಗೆ ಕೈಯಾಡಿಸಬೇಕು. ಪಾದ ಕೆಂಪಗೆ ಬಿಸಿಯಾಗಿ ಊದಿ, ಅಷ್ಟೇನೂ ನೋಯದಿದ್ದರೆ ಅದನ್ನು ಉಳುಕು ಎಂದು ತಳ್ಳಿಹಾಕಬೇಡಿ. ಒಳಗೆ ಮೂಳೆಗಳು ಪುಡಿಯಾಗುತ್ತಿರಬಹುದು. ಅದೇ ದಿನ ಕಾಲೂರುವುದು ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಇನ್ನು ನಡೆಯಬೇಡಿ, ವಾಹನ ಹತ್ತಿ ಎಂದರೆ ಆ ಹಿರಿಯರು ಮೊದಲು ಒಪ್ಪಲಿಲ್ಲ. ನನ್ನ ಮಾತಿಗಿಂತ ಕಂಬಿ ಹೊತ್ತವರ ಮಾತು ನಡೆಯಿತು. ಹರಕೆಯ ವಿಷಯದಲ್ಲಿ ವೈದ್ಯ ವಾದಕ್ಕಿಳಿಯಬಾರದು, ತಂಡದ ಹಿರಿಯರನ್ನು ಪಕ್ಕಕ್ಕೆ ಕರೆದು ಕಾಲು ತೋರಿಸಬೇಕು ಎಂಬುದು ನಾನು ಕಂಡುಕೊಂಡ ದಾರಿ.

8. ಆಣಿ, ಒಡಕು, ಬೆರಳ ಸಂದು

ಆಣಿಗೆ ಬ್ಲೇಡು ಬೇಡ. ಅಂಗಡಿಯ ಕಾರ್ನ್ ಪಟ್ಟಿಯಲ್ಲಿ ಆಮ್ಲ ಇರುತ್ತದೆ. ಸಕ್ಕರೆ ಇದ್ದವರಿಗೆ ಅದೇ ಹುಣ್ಣಿಗೆ ನಾಂದಿ. ಒಡೆದ ಹಿಮ್ಮಡಿಯನ್ನು ರಾತ್ರಿ ನೀರಲ್ಲಿ ನೆನೆಸಿ, ಒರೆಸಿ, ಹಸಿ ಇರುವಾಗಲೇ ವ್ಯಾಸಲಿನ್ ಹಚ್ಚಿ ಕಾಲುಚೀಲ ಹಾಕಿ. ಬೆರಳ ಸಂದಿಗೆ ಮಾತ್ರ ಎಣ್ಣೆ, ಮುಲಾಮು ಯಾವುದೂ ಬೇಡ, ಅಲ್ಲಿ ಒಣಗಿರಬೇಕು. ಗದ್ದೆಯ ಕೆಸರಿನಲ್ಲಿ ನಿಲ್ಲುವವರಿಗೆ ಮನೆಗೆ ಬಂದ ಕೂಡಲೇ ಸಂದು ಒರೆಸಿಕೊಳ್ಳುವ ಅಭ್ಯಾಸವೇ ಅರ್ಧ ಮದ್ದು.

9. ಹಾದಿಬದಿ ಸೇವೆ ಮಾಡುವವರಿಗೆ

ಯಾತ್ರಿಕರ ಕಾಲು ತೊಳೆದು ಎಣ್ಣೆ ತಿಕ್ಕುವ ಹುಡುಗರ ಶ್ರದ್ಧೆ ದೊಡ್ಡದು. ಮುಂದಿನ ಯುಗಾದಿಗೆ ಪೆಂಡಾಲು ಹಾಕುವಾಗ ಹೊಲಿಗೆ ಸೂಜಿಯ ಬದಲು ಕಾಗದದ ಟೇಪು, ಗಾಜ್, ಸಲೈನ್ ಬಾಟಲಿ, ಕ್ರೇಪ್ ಬ್ಯಾಂಡೇಜ್, ಒಂದು ಟಾರ್ಚು ಇಟ್ಟುಕೊಳ್ಳಿ. ಕಾಲು ಮುಟ್ಟುವ ಮೊದಲು ಎಲ್ಲರನ್ನೂ ಕೇಳಿ: "ಸಕ್ಕರಿ ಕಾಯಿಲೆ ಐತೇನ್ರಿ?" ಐತಿ ಎಂದವರ ಕಾಲು ತಿಕ್ಕಬೇಡಿ, ಬೆಳಕು ಬಿಟ್ಟು ಅಂಗಾಲು ನೋಡಿ. ಬೋಗುಣಿಯ ನೀರು ಬಿಸಿಯಿದೆಯೋ ಎಂದು ಅವರ ಕಾಲನ್ನು ಕೇಳಬೇಡಿ, ನಿಮ್ಮ ಮೊಣಕೈ ಅದ್ದಿ ನೋಡಿ.