ಆಸನದ ಹದ

ಕುಣಿಗಲ್ ಬಹುಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಊರು. ಒಪ್ಪದ ಜೀನು ಕುದುರೆಯನ್ನೂ ಸವಾರನನ್ನೂ ನೋಯಿಸುತ್ತದೆಂಬುದನ್ನು ಸವಾರಿ ಬಲ್ಲವರೆಲ್ಲರೂ ಅರಿತಿರುತ್ತಾರೆ. ಸೈಕಲ್ಲಿಗೂ ಈ ಮಾತು ಸಲ್ಲುತ್ತದೆ. ಆದರೆ ಇಲ್ಲಿ ನೋಯುವುದು ಸವಾರನ ಮೈ ಮಾತ್ರ.

ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿತು. ಗುಬ್ಬಿ, ಕುಣಿಗಲ್ ಸುತ್ತಿನ ಹಳ್ಳಿಗಳಿಂದ ಪ್ರೌಢಶಾಲೆಗೆ ನಡೆದು ಬರುತ್ತಿದ್ದ ಎಷ್ಟೋ ಮಕ್ಕಳ ದಾರಿ ಇದರಿಂದ ಹಗುರವಾಯಿತು. ಆದರೆ ಒಂದೇ ಮಾದರಿಯ ಸೈಕಲ್ಲನ್ನು ಏರುವ ಮಕ್ಕಳು ಒಂದೇ ಎತ್ತರದವರಲ್ಲ. ಅಲ್ಲದೆ, ಎಂಟನೆಯ ತರಗತಿಯಲ್ಲಿ ಸರಿಹೊಂದಿದ್ದ ಸೀಟು ಹತ್ತನೆಯ ತರಗತಿಯ ವೇಳೆಗೆ ತಗ್ಗಾಗುತ್ತದೆ. ಮಗು ಬೆಳೆದಿರುತ್ತದೆ, ಸೀಟು ಇದ್ದಲ್ಲಿಯೇ ಇರುತ್ತದೆ. ಮೊಳಕಾಲು ನೋವೆಂದು ಸೈಕಲ್ಲನ್ನು ಮೂಲೆಗೆ ಒರಗಿಸಿದರೆ, ಶಾಲೆ ಮತ್ತೆ ದೂರವಾಗುತ್ತದೆ.

ಸೀಟು ತಗ್ಗಾಗಿದ್ದರೆ ಮೊಳಕಾಲು ಅತಿಯಾಗಿ ಮಡಿಚಿ, ಮಂಡಿಚಿಪ್ಪಿನ ಸುತ್ತ ನೋವು ಕಾಣುತ್ತದೆ. ಎತ್ತರವಾಗಿದ್ದರೆ ಪೆಡಲನ್ನು ಮುಟ್ಟಲು ಸೊಂಟ ಅತ್ತಿತ್ತ ಓಲಾಡುತ್ತದೆ. ಮೊಳಕಾಲಿನ ಹಿಂಭಾಗ ಸೆಳೆಯುತ್ತದೆ.

ಇದರ ಹದವನ್ನು ತಿಳಿಯುವುದು ಸುಲಭ. ಗೆಳೆಯರೊಬ್ಬರು ಸೈಕಲ್ಲನ್ನು ಹಿಡಿದಿರಲಿ. ಸವಾರನು ಸೀಟಿನ ಮೇಲೆ ನೆಟ್ಟಗೆ ಕುಳಿತು, ಪೂರ್ತಿ ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿಯನ್ನು ಇಡಲಿ. ಆಗ ಕಾಲು ನೇರವಾಗಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲಿನ ಮೇಲಿರುವುದರಿಂದ ಮೊಳಕಾಲು ತಾನಾಗಿಯೇ ತುಸು ಬಾಗಿರುತ್ತದೆ. ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು 1967ರಲ್ಲಿ ಇದಕ್ಕೊಂದು ಲೆಕ್ಕವನ್ನು ಕೊಟ್ಟರು: ಕೆಳಗಿಳಿದ ಪೆಡಲಿನಿಂದ ಸೀಟಿನ ಮೇಲ್ಭಾಗಕ್ಕೆ ಇರುವ ಅಂತರವು ಕಾಲಿನ ಒಳ ಅಳತೆಯ ಶೇಕಡ 109ರಷ್ಟಿರಬೇಕು. ಕಾಲಿನ ಅಳತೆ 70 ಸೆಂಟಿಮೀಟರ್ ಇದ್ದರೆ ಈ ಅಂತರ ಸುಮಾರು 76 ಸೆಂಟಿಮೀಟರ್.

ಕುಳಿತಲ್ಲಿಂದಲೇ ಎರಡೂ ಪಾದಗಳು ನೆಲಕ್ಕೆ ಪೂರ್ತಿ ಊರಬೇಕೆಂದು ಹಲವರು ಭಾವಿಸುತ್ತಾರೆ. ಹೊಸದಾಗಿ ಕಲಿಯುವವರಿಗೆ ಅದು ಸರಿ. ಪಳಗಿದವರಿಗೆ ಕಾಲ್ಬೆರಳ ತುದಿ ತಾಗಿದರೆ ಸಾಕು.

ಎತ್ತರದ ಬಳಿಕ ಸೀಟಿನ ಓರೆಯನ್ನು ನೋಡಬೇಕು. ಸೀಟು ನೆಲಕ್ಕೆ ಸಮಾನಾಂತರವಾಗಿರಲಿ. ಮೂತಿ ತಗ್ಗಿದರೆ ದೇಹದ ಭಾರವು ಮುಂಗೈಗಳ ಮೇಲೆ ಬೀಳುತ್ತದೆ. ಏರಿದರೆ ತೊಡೆಸಂದಿ ಒತ್ತುತ್ತದೆ. ಸೀಟಿನ ಕೊಳವೆಯ ಮೇಲೆ ಕೊರೆದಿರುವ ಗೆರೆ ಹೊರಗೆ ಕಾಣುವಷ್ಟು ಅದನ್ನು ಎಂದಿಗೂ ಮೇಲೆಳೆಯಬಾರದು. ಎಳೆದರೆ ಕೊಳವೆ ಮುರಿಯುವ ಅಪಾಯವುಂಟು.

ಇಷ್ಟಕ್ಕೆಲ್ಲ ಬೇಕಾದುದು ಒಂದು ಸ್ಪ್ಯಾನರು ಮತ್ತು ಹತ್ತು ನಿಮಿಷ. ಬೆಳೆಯುವ ಮಕ್ಕಳಿಗೆ ವರ್ಷಕ್ಕೊಮ್ಮೆ ಅಂಗಿಯ ಅಳತೆ ತೆಗೆಯುವವರು, ಅಂದೇ ಸೀಟಿನ ಅಳತೆಯನ್ನೂ ನೋಡುವುದು ಒಳಿತು. ಮೈಗೆ ತಕ್ಕಂತೆ ಸೈಕಲ್ಲು ಹೊಂದಬೇಕೇ ಹೊರತು ಸೈಕಲ್ಲಿಗೆ ತಕ್ಕಂತೆ ಮೈಯಲ್ಲ.