ಮಳೆ ಸೀಮೆಯಲ್ಲಿ ಡ್ರ್ಯಾಗನ್ ಹಣ್ಣು: ಬುಡದಲ್ಲಿ ನೀರು ನಿಲ್ಲಬಾರದು

ಗುಲಾಬಿ ಸಿಪ್ಪೆ, ಹಸಿರು ಪಕಳೆ, ಒಳಗೆ ಬಿಳಿ ಇಲ್ಲವೇ ಕೆಂಪು ತಿರುಳು. ಈ ಹಣ್ಣನ್ನು ಪೇಟೆಯಲ್ಲಿ ನೋಡದವರು ಈಗ ಕಡಿಮೆ. ಗುಜರಾತ್ ಸರಕಾರ 2021ರಲ್ಲಿ ಇದಕ್ಕೆ 'ಕಮಲಂ' ಎಂದು ಹೆಸರಿಟ್ಟಿತು. ಅಸಲಿಗೆ ಇದು ಮಧ್ಯ ಅಮೆರಿಕ ಕಡೆಯ ಕಳ್ಳಿ. ಕಾಡಿನಲ್ಲಿ ಮರ ಹತ್ತಿ ಬೆಳೆಯುವ ಜಾತಿ.

"ಕಳ್ಳಿ ಅಂದರೆ ಬಯಲುಸೀಮೆ ಬೆಳೆ. ನಮ್ಮ ಹಳಿಯಾಳ, ಮುಂಡಗೋಡದ ಮಳೆಗೆ ತಡೆದೀತೇ?" ಎಂದು ಬಹಳ ಜನ ಕೇಳುತ್ತಾರೆ. ತಡೆಯುತ್ತದೆ, ಆದರೆ ಬುಡದಲ್ಲಿ ನೀರು ನಿಲ್ಲಬಾರದು. ಈ ಗಿಡಕ್ಕೆ ದಂಟೇ ನೀರಿನ ಕೊಡ. ಬಿಸಿಲಲ್ಲಿ ಉಸಿರಾಟದ ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ಅದಕ್ಕೇ ಬೇಸಿಗೆ ತಾಳುತ್ತದೆ. ಕೆಸರಲ್ಲಿ ನಿಂತರೆ ಮಾತ್ರ ಬೇರು ಕೊಳೆತು ದಂಟು ಮೆತ್ತಗಾಗುತ್ತದೆ.

ಆದ್ದರಿಂದ ಭತ್ತದ ಗದ್ದೆ ಬೇಡ. ಇಳಿಜಾರಿನ ಹಕ್ಕಲು ನೋಡಿ. ನಾನು ಒಂದೂವರೆ ಅಡಿ ಏರುಮಡಿ ಮಾಡಿ, ನಡುವೆ ಬಸಿಗಾಲುವೆ ತೆಗೆದಿದ್ದೇನೆ. ಜೋಯಿಡಾ, ದಾಂಡೇಲಿ ಕಡೆ ಮಳೆಯೂ ಹೆಚ್ಚು, ಮರದ ನೆರಳೂ ಹೆಚ್ಚು. ಅಲ್ಲಿಯವರು ಬಿಸಿಲು ಬೀಳುವ ಜಾಗವನ್ನೇ ಆರಿಸಬೇಕು.

ಖರ್ಚೆಲ್ಲ ಕಂಬದ್ದು. 10 ಅಡಿಗೊಂದು ಹಾಕಿದರೆ ಎಕರೆಗೆ ಸುಮಾರು 435 ಕಂಬ ಬೇಕು. ನಿಮ್ಮೂರಿನ ಸಿಮೆಂಟ್ ಕಂಬದ ದರಕ್ಕೆ ಗುಣಿಸಿ ನೋಡ್ರಿ, ಎದೆ ಝಲ್ಲೆನ್ನುತ್ತದೆ. ಕಟ್ಟಿಗೆ ಕಂಬ ಅಗ್ಗವೇನೋ ಹೌದು, ಗೆದ್ದಲು ಬಿಡಬೇಕಲ್ಲ! ಸಾಲ ಮಾಡಿ ಎಕರೆ ಪೂರ್ತಿ ಹಚ್ಚುವ ಬದಲು 20 ಕಂಬ ಹಾಕಿ ಎರಡು ಮಳೆಗಾಲ ನೋಡುವುದು ಲೇಸು. ನಾನು ಮಾಡಿದ್ದೂ ಹಾಗೇ. ಉಳಿದ ಹೊಲದಲ್ಲಿ ಗೋವಿನಜೋಳ ಇದ್ದೇ ಇದೆ.

ಬಲಿತ ದಂಟನ್ನು ಒಂದಡಿ ತುಂಡು ಮಾಡಿ, ಗಾಯ ಒಣಗಲು ವಾರ ನೆರಳಲ್ಲಿಡಿ. ದೊಡ್ಡ ಮಳೆ ಹಿಂದಾದ ಮೇಲೆ ಕಂಬಕ್ಕೆ ನಾಲ್ಕರಂತೆ, ಬುಡದ ಭಾಗ ಕೆಳಗೆ ಮಾಡಿ, ಎರಡೇ ಇಂಚು ಆಳಕ್ಕೆ ಊರಿ. ಕಂಬಕ್ಕೆ 10 ಕಿಲೋ ಹಳೇ ಕೊಟ್ಟಿಗೆ ಗೊಬ್ಬರ ಕೊಡಿ. ತುದಿ ಮುಟ್ಟುವವರೆಗೆ ಗಿಡಕ್ಕೆ ಒಂದೇ ದಂಟು ಬಿಟ್ಟು ಪಕ್ಕದ ಚಿಗುರು ಚಿವುಟಿ. ಮೇಲೆ ಹಳೇ ಟಯರು ಕಟ್ಟಿ, ಅದರ ಮೇಲಿಂದ ಕವಲು ಇಳಿಬಿಡಿ. ಹೂ, ಹಣ್ಣು ಬಿಡುವುದು ಆ ಜೋತ ಕವಲಲ್ಲೇ.

ಬೇಸಿಗೆಯಲ್ಲಿ ಮಣ್ಣು ಒಣಗಿದ್ದು ನೋಡಿ ನೀರು ಬಿಡಿ. ಎಳೆ ಗಿಡ ಬಿಸಿಲಿಗೆ ಹಳದಿಯಾದರೆ ತೆಂಗಿನ ಗರಿ ಮರೆ ಮಾಡಿ. ಮಳೆಗಾಲದಲ್ಲಿ ದಂಟಿನ ಮೇಲೆ ಚುಕ್ಕೆ, ಕೊಳೆ ಕಂಡ ದಿನವೇ ಆ ಭಾಗ ಕೊಯ್ದು ತೋಟದ ಹೊರಗೆ ಸುಡಿ. ಪ್ರತಿ ಗಿಡಕ್ಕೂ ಕತ್ತಿ ಒರೆಸಿಕೊಳ್ಳಿ, ಇಲ್ಲದಿದ್ದರೆ ರೋಗ ನಾವೇ ಹಂಚಿದಂತೆ. ಬೋರ್ಡೋ ನಮಗೆ ಗೊತ್ತಿದ್ದದ್ದೇ: 100 ಲೀಟರು ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಮಳೆ ಬಿಡುವು ಕೊಟ್ಟಾಗ ಹೊಡೆಯಿರಿ. ಅರಳಿದ ಹೂವಿಗೆ ಬೇಡ.

ಹೂ ರಾತ್ರಿ ಅರಳಿ ಬೆಳಗಾದ ಮೇಲೆ ಬಾಡುತ್ತದೆ. ಕೆಲವು ಕೆಂಪು ತಿರುಳಿನ ಜಾತಿಗೆ ಬೇರೆ ಜಾತಿಯ ಪರಾಗ ಬೇಕು. ಒಂದೇ ಜಾತಿ ಹಚ್ಚದೆ ಎರಡು ಮೂರು ಬೆರೆಸಿ. ಹೂವಾಗಿ 30-35 ದಿನಕ್ಕೆ ಹಣ್ಣು ಬಣ್ಣ ತಿರುಗುತ್ತದೆ. ಹಸಿರಿದ್ದಾಗ ಕೊಯ್ದರೆ ಮಾವಿನಂತೆ ಅಡೆ ಹಾಕಿ ಹಣ್ಣು ಮಾಡಲು ಬರುವುದಿಲ್ಲ.

ಕೊನೆಯದಾಗಿ ಮಾರಾಟ. ಎಲ್ಲರ ಹಣ್ಣೂ ಮಳೆಗಾಲದಲ್ಲೇ ಬರುತ್ತದೆ, ಆಗ ದರ ಇಳಿಯುವುದು ಸಹಜ. ಇಪ್ಪತ್ತು ಕಂಬದ ಹಣ್ಣು ವಾರದ ಸಂತೆಯಲ್ಲಿ ಖರ್ಚಾದೀತು. ಎಕರೆ ಹಣ್ಣು ಒಯ್ಯುವವರು ಯಾರೆಂದು ಕಂಬ ಹುಗಿಯುವ ಮೊದಲೇ ಕೇಳಿಟ್ಟುಕೊಳ್ಳಿ.