ದ್ರಾಕ್ಷಿಯ ಶಿಲೀಂಧ್ರ ರೋಗಗಳು: ಚಾಟಣಿಯಿಂದ ಪೆಟ್ಟಿಗೆಯವರೆಗೆ



ಜತ್ತ, ಸೋಲಾಪುರ ಭಾಗದಲ್ಲಿ ಕಬ್ಬಿನ ಜೊತೆಗೆ ಒಂದೆರಡು ಎಕರೆ ದ್ರಾಕ್ಷಿ ಇಟ್ಟುಕೊಂಡವರು ಅನೇಕರಿದ್ದಾರೆ. ಕಬ್ಬು ತಾಳಿಕೊಳ್ಳುವ ಬೆಳೆ. ಎಂಟು ದಿನ ಮೋಡ ಮುಸುಕಿದರೂ, ಒಂದು ನೀರು ತಪ್ಪಿದರೂ ಅದು ನಿಂತಿರುತ್ತದೆ. ದ್ರಾಕ್ಷಿ ಹಾಗಲ್ಲ. ಹಂದರ, ಗೊಬ್ಬರ, ಕೂಲಿ, ಔಷಧಿ ಎಂದು ವರ್ಷವಿಡೀ ಹಾಕಿದ ಹಣ ಹೂವಿನ ಕಾಲದ ಒಂದೇ ವಾರದ ಮಳೆಯಲ್ಲಿ ಹೋಗಬಹುದು. ತಾಸಗಾಂವದ ತಾಸ್-ಎ-ಗಣೇಶ, ನಾನ್ನಜದ ಸೋನಾಕಾ ಇವೆಲ್ಲ ನಮ್ಮ ಭಾಗದ ರೈತರೇ ಥಾಮ್ಸನ್ ಸೀಡ್‌ಲೆಸ್‌ನಿಂದ ಆರಿಸಿ ಬೆಳೆಸಿದ ತಳಿಗಳು. ಹಣ್ಣಿಗೆ ಹೆಸರು ತಂದ ಈ ತಳಿಗಳು ರೋಗವನ್ನು ಮಾತ್ರ ತಡೆಯಲಾರವು. ಆದ್ದರಿಂದ ರೋಗದ ಸ್ವಭಾವವನ್ನು ತಿಳಿದು ನಡೆಯುವುದೊಂದೇ ದಾರಿ.

ಮೂರು ರೋಗ, ಮೂರು ಸ್ವಭಾವ

ತೋಟದಲ್ಲಿ ಬಿಳಿ ಬೂಜು ಕಂಡ ಕೂಡಲೇ ಅಂಗಡಿಗೆ ಹೋಗಿ ‘ದ್ರಾಕ್ಷಿಗೆ ಔಷಧಿ ಕೊಡಿ’ ಎಂದು ಕೇಳುವುದು ಸರಿಯಲ್ಲ. ಒಂದು ರೋಗದ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ಮೊದಲು ಗುರುತು ಹಿಡಿಯಬೇಕು.

ತುಪ್ಪಟ ರೋಗ (ಡೌನಿ): ಎಲೆಯ ಮೇಲ್ಭಾಗದಲ್ಲಿ ಎಣ್ಣೆ ಬಿದ್ದಂತೆ ತಿಳಿಹಳದಿ ಮಚ್ಚೆ, ಅದೇ ಜಾಗದಲ್ಲಿ ಕೆಳಭಾಗಕ್ಕೆ ಬಿಳಿ ತುಪ್ಪಟ. ಇದರ ಬೀಜಾಣುಗಳು ನೀರಿನಲ್ಲಿ ಈಜುತ್ತವೆ. ಎಲೆಯ ಮೇಲೆ ಕೆಲ ತಾಸು ನೀರು ನಿಂತರೆ ಸಾಕು, ಈಜಿ ಹೋಗಿ ಎಲೆಯ ಉಸಿರುರಂಧ್ರಗಳಿಂದ ಒಳಸೇರುತ್ತವೆ. ಮಚ್ಚೆ ಕಾಣುವುದು ಸುಮಾರು ಒಂದು ವಾರದ ಮೇಲೆ. ಅಂದರೆ ನಮ್ಮ ಕಣ್ಣಿಗೆ ಬೀಳುವುದು ಹೋದ ವಾರದ ಮಳೆಯ ಫಲ. ಹೂಗೊಂಚಲಿಗೆ ತಗಲಿದರೆ ಗೊಂಚಲೇ ಒಣಗಿ ಹೋಗುತ್ತದೆ. ಕಾಳು ಬಟಾಣಿ ಗಾತ್ರ ದಾಟಿದ ಮೇಲೆ ಅದರ ರಂಧ್ರಗಳು ಮುಚ್ಚಿಕೊಳ್ಳುವುದರಿಂದ ಅಪಾಯ ಕಡಿಮೆ. ಆದರೂ ಗೊಂಚಲಿನ ದೇಟಿನ ಮೇಲೆ ಕಣ್ಣಿರಬೇಕು. ಇಂದಿನ ವಿಜ್ಞಾನ ಇದನ್ನು ನಿಜವಾದ ಶಿಲೀಂಧ್ರವೆಂದು ಎಣಿಸುವುದಿಲ್ಲ, ನೀರಿನ ಪಾಚಿಗಳಿಗೆ ಹತ್ತಿರದ ಜೀವಿಯೆನ್ನುತ್ತದೆ. ಬೂದಿ ರೋಗದ ಔಷಧಿ ಇದಕ್ಕೆ ನಾಟದಿರುವುದು ಇದೇ ಕಾರಣದಿಂದ.

ಬೂದಿ ರೋಗ (ಭುರಿ): ಎಲೆ, ಚಿಗುರು, ಕಾಳಿನ ಮೇಲೆ ಒಲೆಯ ಬೂದಿ ಚೆಲ್ಲಿದಂತೆ ಕಾಣುತ್ತದೆ. ಇದಕ್ಕೆ ನಿಂತ ನೀರು ಬೇಕಿಲ್ಲ. ಮಳೆ ಹೋದ ಮೇಲಿನ ಮೋಡದ ದಿನಗಳು, ದಟ್ಟ ನೆರಳು, ಗಾಳಿಯಾಡದ ಹಂದರ ಇವೇ ಅದಕ್ಕೆ ಅನುಕೂಲ. ರೋಗ ತಗಲಿದ ಕಾಳಿನ ಸಿಪ್ಪೆ ಬೆಳೆಯದೆ ಬಿಗಿದು ನಿಲ್ಲುತ್ತದೆ, ಒಳಗಿನ ತಿರುಳು ಬೆಳೆಯುತ್ತದೆ, ಕಡೆಗೆ ಕಾಳು ಸೀಳುತ್ತದೆ. ಸೀಳಿದ ಕಾಳೇ ಮುಂದೆ ಪೆಟ್ಟಿಗೆಯಲ್ಲಿ ಕೊಳೆಗೆ ಬಾಗಿಲು.

ಚಿಬ್ಬು ರೋಗ: ಎಳೆ ಎಲೆಯಲ್ಲಿ ಕಂದು ಚುಕ್ಕೆ, ಆಮೇಲೆ ತೂತು. ಎಳೆ ಕಡ್ಡಿಯಲ್ಲಿ ತಗ್ಗಾದ ಕಪ್ಪು ಗಾಯ. ಕಾಳಿನ ಮೇಲೆ ನಡುವೆ ಬೂದು, ಸುತ್ತ ಕಪ್ಪು ಅಂಚಿನ, ಹಕ್ಕಿಯ ಕಣ್ಣಿನಂಥ ಮಚ್ಚೆ. ಏಪ್ರಿಲ್ ಚಾಟಣಿಯ ನಂತರ ಬಂದ ಕಡ್ಡಿಗಳಿಗೆ ಮಳೆಗಾಲದಲ್ಲಿ ತಗಲಿ, ಗಾಯದಲ್ಲೇ ಉಳಿದುಕೊಂಡು, ಅಕ್ಟೋಬರ್ ಚಾಟಣಿಯ ಹೊಸ ಚಿಗುರಿಗೆ ಹರಡುತ್ತದೆ.

ಚಾಟಣಿಯ ದಿನ ಗೊತ್ತುಮಾಡುವುದು

ಬೇಗ ಚಾಟಣಿ ಮಾಡಿದವರ ಹಣ್ಣು ಬೇಗ ಪೇಟೆಗೆ ಬರುತ್ತದೆ, ದರವೂ ಚೆನ್ನಾಗಿ ಸಿಗಬಹುದು. ಈ ಆಸೆ ಸಹಜ. ಆದರೆ ಸೋಲಾಪುರ ಭಾಗದಲ್ಲಿ ವರ್ಷದ ಮಳೆಯಲ್ಲಿ ಹೆಚ್ಚು ಬೀಳುವುದು ಸೆಪ್ಟೆಂಬರ್ ತಿಂಗಳಲ್ಲಿ ಎಂಬುದನ್ನು ಮರೆಯಬಾರದು. ಆ ತಿಂಗಳು ಚಾಟಣಿ ಮಾಡಿದರೆ ಮೂರರಿಂದ ಐದು ಎಲೆಯ ಚಿಗುರು ಮತ್ತು ಹೂಗೊಂಚಲು ನೇರವಾಗಿ ಮಳೆಗೆ ಸಿಕ್ಕಿಬೀಳುತ್ತವೆ. ತುಪ್ಪಟ ರೋಗಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಬೇರಿಲ್ಲ. ಎರಡು ತುಂಡು ತೋಟವಿದ್ದವರು ಒಂದನ್ನು ಮೊದಲು, ಇನ್ನೊಂದನ್ನು ಮಳೆ ಹಿಂದೆ ಸರಿದ ಮೇಲೆ ಚಾಟಣಿ ಮಾಡಿದರೆ ಎಲ್ಲವನ್ನೂ ಒಂದೇ ಮೋಡಕ್ಕೆ ಒಪ್ಪಿಸಿದಂತಾಗುವುದಿಲ್ಲ. ಒಂದೇ ತೋಟವಿದ್ದು ಸಾಲದ ಮೇಲೆ ನಡೆಯುವವರು ಬೇಗಿನ ದರಕ್ಕಿಂತ ಖಾತ್ರಿಯ ಬೆಳೆಯನ್ನು ನೋಡುವುದು ಒಳಿತು.

ಚಾಟಣಿಯಲ್ಲಿ ಕಡಿದ ಕಡ್ಡಿ, ಉದುರಿದ ಎಲೆ ಇವನ್ನು ಬಳ್ಳಿಯ ಬುಡದಲ್ಲಿ ಬಿಡಬಾರದು. ರೋಗದ ಬೀಜ ಅವುಗಳಲ್ಲಿಯೇ ಇರುತ್ತದೆ. ಹೊರಗೆ ಸಾಗಿಸಿ ನಾಶಪಡಿಸಬೇಕು. ಹೆಚ್ಚಿನ ಚಿಗುರು ಚಿವುಟಿ, ಗೊಂಚಲಿನ ಸುತ್ತಲಿನ ಎಲೆ ತೆಗೆದು, ಗಾಳಿ ಬೆಳಕು ಆಡುವಂತೆ ಮಾಡಬೇಕು. ಹಂದರದ ಗಾಳಿ ಬರುವ ದಿಕ್ಕಿಗೆ ಒತ್ತಾಗಿ ಕಬ್ಬು ಹಚ್ಚಿದರೆ ಗಾಳಿ ನಿಂತು ಬೆಳಗಿನ ಇಬ್ಬನಿ ತಡವಾಗಿ ಆರುತ್ತದೆ. ನಡುವೆ ಸಾಕಷ್ಟು ಅಂತರ ಬಿಡಬೇಕು.

ಕಬ್ಬಿನವರು ವಿಶೇಷವಾಗಿ ಲಕ್ಷಿಸಬೇಕಾದದ್ದು ಇನ್ನೊಂದಿದೆ. ಕಬ್ಬಿನ ಕಳೆಗೆ ಹೊಡೆಯುವ 2,4-ಡಿ ಔಷಧಿ ದ್ರಾಕ್ಷಿಗೆ ಬಲು ಘಾತಕ. ಗಾಳಿಯಲ್ಲಿ ತೇಲಿಬಂದ ಅಲ್ಪಸ್ವಲ್ಪಕ್ಕೂ ಎಲೆ ಬೀಸಣಿಗೆಯಂತೆ ಮುದುಡುತ್ತದೆ. ಇದನ್ನು ರೋಗವೆಂದು ತಿಳಿದು ಶಿಲೀಂಧ್ರನಾಶಕ ಹೊಡೆದರೆ ಹಣ ವ್ಯರ್ಥ. ಕಳೆನಾಶಕದ ಪಂಪನ್ನು ಹಂದರದೊಳಗೆ ತರಲೇಬೇಡಿ.

ಬೋರ್ಡೋ ದ್ರಾವಣ

ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಕದಿಯುವವರನ್ನು ಹೆದರಿಸಲು ರೈತರು ಮೈಲುತುತ್ತ ಮತ್ತು ಸುಣ್ಣ ಕಲಸಿ ಬಳ್ಳಿಗೆ ಎರಚುತ್ತಿದ್ದರು. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಆ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದು, ಒಳಗಿನವು ತುಪ್ಪಟ ರೋಗದಿಂದ ಬೋಳಾದುದನ್ನು ಕಂಡರು. ಪ್ರಯೋಗ ನಡೆಸಿ 1885ರಲ್ಲಿ ಅದನ್ನು ಪ್ರಕಟಿಸಿದರು. ಇಂದಿಗೂ ಅಗ್ಗದ, ನಂಬಿಕೆಯ ಔಷಧಿ ಅದೇ.

ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಟ್ಟ ಸುಣ್ಣ, 100 ಲೀಟರ್ ನೀರು ಬೇಕು. ಮೈಲುತುತ್ತವನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿ 50 ಲೀಟರ್ ನೀರಿಗೆ ಕರಗಿಸಿ. ಕಬ್ಬಿಣದ ಪಾತ್ರೆ ಕೂಡದು. ಬೇರೆ ಪಾತ್ರೆಯಲ್ಲಿ ಸುಣ್ಣ ಅರಳಿಸಿ, ಸೋಸಿ, 50 ಲೀಟರ್ ಮಾಡಿ. ಎರಡೂ ತಣ್ಣಗಾದ ಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬಾರದು. ಮಸೆದ ಕುಡುಗೋಲಿನ ತುದಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ. ತಾಮ್ರದ ಕೆಂಪು ಹತ್ತಿದರೆ ಹುಳಿ ಉಳಿದಿದೆಯೆಂದು ಅರ್ಥ. ಕೆಂಪು ಹತ್ತದವರೆಗೆ ಸುಣ್ಣದ ನೀರು ಸೇರಿಸಿ, ಇಲ್ಲವಾದರೆ ಎಲೆ ಸುಡುತ್ತದೆ. ತಯಾರಿಸಿದ ದಿನವೇ ಬಳಸಿ ಮುಗಿಸಬೇಕು, ಬೇರೆ ಔಷಧಿಗಳೊಂದಿಗೆ ಬೆರೆಸಬಾರದು. ಚಾಟಣಿಯಾದ ಕೂಡಲೇ ಬರಿ ಕಾಂಡಕ್ಕೆ ಮತ್ತು ಮಳೆಗಾಲದಲ್ಲಿ ಬಲಿತ ಎಲೆಗಳಿಗೆ ಇದು ಉತ್ತಮ. ಎಳೆ ಚಿಗುರಿಗೆ ಈ ಪ್ರಮಾಣ ಕಟುವಾಗುತ್ತದೆ. ಹಣ್ಣಿನ ಕಾಲದಲ್ಲಿ ನೀಲಿ ಕಲೆ ಉಳಿಯುವುದರಿಂದ ಬೇಡ.

ಗಂಧಕ ಮತ್ತು ಇತರ ಔಷಧಿ

ಬೂದಿ ರೋಗಕ್ಕೆ ಗಂಧಕವೇ ಮೊದಲ ಮದ್ದು. ನೀರಿನಲ್ಲಿ ಬೆರೆಯುವ ಶೇ. 80ರ ಗಂಧಕವನ್ನು ಲೀಟರಿಗೆ 2 ಗ್ರಾಂ ಪ್ರಮಾಣದಲ್ಲಿ ಸಿಂಪಡಿಸಬಹುದು. ಬಿಸಿಲು 35 ಡಿಗ್ರಿ ದಾಟುವ ದಿನಗಳಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಮ್ಯಾಂಕೋಜೆಬ್‌ನಂಥ ಔಷಧಿಗಳು ಎಲೆಯ ಮೇಲಷ್ಟೇ ನಿಲ್ಲುತ್ತವೆ. ಇವು ಮಳೆಗೆ ಮುಂಚೆ ಬಿಚ್ಚಬೇಕಾದ ಕೊಡೆಯಿದ್ದಂತೆ. ಒಳಗೆ ಹರಿಯುವ ಅಂತರ್ವ್ಯಾಪಿ ಔಷಧಿಗಳು ತಗಲಿದ ರೋಗವನ್ನು ಒಂದು ಮಿತಿಯವರೆಗೆ ತಡೆಯುತ್ತವೆ. ಆದರೆ ಒಂದೇ ಗುಂಪಿನ ಔಷಧಿಯನ್ನು ಸಾಲಾಗಿ ಹೊಡೆದರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ. ಕಂಪನಿಯ ಹೆಸರು ಬದಲಾದರೆ ಸಾಲದು, ಚೀಟಿಯಲ್ಲಿ ಬರೆದ ಔಷಧಿಯ ಗುಂಪೇ ಬದಲಾಗಬೇಕು. ಯಾವುದೇ ಸಿಂಪಡಣೆ ಎಲೆಯ ಕೆಳಭಾಗಕ್ಕೆ ತಲುಪದಿದ್ದರೆ ತುಪ್ಪಟ ರೋಗಕ್ಕೆ ಅರ್ಧ ಕೆಲಸವಾದಂತೆ.

ಕೊಯ್ಲಿಗೆ ಎಷ್ಟು ದಿನ ಮುಂಚೆ ಔಷಧಿ ನಿಲ್ಲಿಸಬೇಕು ಎಂಬುದನ್ನು ಕಡ್ಡಾಯವಾಗಿ ಪಾಲಿಸಬೇಕು. 2003ರಲ್ಲಿ ಯುರೋಪಿಗೆ ಹೋದ ನಮ್ಮ ದ್ರಾಕ್ಷಿಯಲ್ಲಿ ಔಷಧಿಯ ಉಳಿಕೆ ಕಂಡುಬಂದು ದೊಡ್ಡ ತೊಂದರೆಯಾಯಿತು. ಆ ಬಳಿಕ ಅಪೆಡಾ ಸಂಸ್ಥೆ 2006ರಲ್ಲಿ ಗ್ರೇಪ್‌ನೆಟ್ ಎಂಬ ನೋಂದಣಿ ವ್ಯವಸ್ಥೆ ಆರಂಭಿಸಿತು. ಪುಣೆ ಬಳಿಯ ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಔಷಧಿಗಳ ಪಟ್ಟಿಯನ್ನು ನೋಡಿಯೇ ಖರೀದಿಸಿ. ನಮ್ಮ ಮನೆಯ ಮಕ್ಕಳೂ ಇದೇ ಹಣ್ಣನ್ನು ತಿನ್ನುತ್ತಾರೆ.

ಕೊಯ್ಲು ಮತ್ತು ಪೆಟ್ಟಿಗೆ

ಕೊಳೆತ ದ್ರಾಕ್ಷಿ ಲಾರಿಯಲ್ಲಿ ಕೊಳೆಯಿತೆಂದು ದೂರುವುದುಂಟು. ನಿಜವಾಗಿ ಕೊಳೆಯ ಬೀಜ ಬಹುಪಾಲು ತೋಟದಿಂದಲೇ ಹೊರಟಿರುತ್ತದೆ. ಸೀಳಿದ ಒಂದು ಕಾಳು, ತೊಟ್ಟಿನ ಬಳಿಯ ಒಂದು ಗಾಯ ಸಾಕು. ಬೆಚ್ಚಗಿನ ಪೆಟ್ಟಿಗೆಯಲ್ಲಿ ಕಪ್ಪು ಬೂಜು ಮತ್ತು ರೈಜೋಪಸ್ ಬೇಗ ಬೆಳೆದು ರಸ ಸೋರಿಸಿ ಪಕ್ಕದ ಗೊಂಚಲುಗಳನ್ನೂ ಕೆಡಿಸುತ್ತವೆ. ತಂಪಿನಲ್ಲಿ ಇವು ನಿಲ್ಲುತ್ತವೆ. ಆದರೆ ಬೂದು ಕೊಳೆ ಎಂಬುದು ಸೊನ್ನೆ ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ. ಅದಕ್ಕೆ ತಂಪು ಮಾತ್ರ ಸಾಲದು.

ಮಾವು, ಬಾಳೆಯಂತೆ ದ್ರಾಕ್ಷಿ ಕೊಯ್ದ ಮೇಲೆ ಹಣ್ಣಾಗುವುದಿಲ್ಲ. ಕಬ್ಬಿನ ರಸಕ್ಕೆ ನೋಡುವ ಬ್ರಿಕ್ಸ್ ಇಲ್ಲಿಯೂ ನೋಡಬೇಕು. ಥಾಮ್ಸನ್ ಜಾತಿಗೆ ಸುಮಾರು 18 ಬಂದ ಮೇಲೆ ಕೊಯ್ಯಿರಿ. ಬೆಳಗಿನ ತಂಪಿನಲ್ಲಿ, ಇಬ್ಬನಿ ಆರಿದ ಮೇಲೆ ಕೆಲಸ ನಡೆಯಲಿ. ಮಳೆಯಾಗಿದ್ದರೆ ಗೊಂಚಲು ಪೂರ್ತಿ ಒಣಗುವವರೆಗೆ ಕಾಯಿರಿ. ಗೊಂಚಲನ್ನು ದೇಟಿನಿಂದ ಹಿಡಿಯಬೇಕು. ಕಾಳಿನ ಮೇಲಿನ ಬಿಳಿ ಮೇಣದ ಪುಡಿ ಬೂಜಲ್ಲ, ಅದು ಹಣ್ಣಿನ ಕವಚ. ಅದನ್ನು ಒರೆಸಬಾರದು. ಒಡೆದ ಕಾಳುಗಳನ್ನು ಸಣ್ಣ ಕತ್ತರಿಯಿಂದ ತೆಗೆದು, ನೆರಳಿನಲ್ಲಿಟ್ಟು, ದೂರದ ಪೇಟೆಯ ಮಾಲಾದರೆ ಅಂದೇ ಕೆಲವೇ ತಾಸುಗಳೊಳಗೆ ಪೂರ್ವಶೀತಲಕ್ಕೆ ತಲುಪಿಸಬೇಕು. ನಂತರ ಸೊನ್ನೆ ಡಿಗ್ರಿಯ ಸುಮಾರು, ಶೇ. 90ರಿಂದ 95ರ ಆರ್ದ್ರತೆಯಲ್ಲಿ ಇಡುತ್ತಾರೆ.

ಪೆಟ್ಟಿಗೆಯಲ್ಲಿ ಇಡುವ ‘ಗ್ರೇಪ್ ಗಾರ್ಡ್’ ಹಾಳೆಯ ಗುಟ್ಟು ಕಾರ್ಖಾನೆಯವರಿಗೆ ಹೊಸದಲ್ಲ. ಸಲ್ಫಿಟೇಶನ್ ಪದ್ಧತಿಯಲ್ಲಿ ಗಂಧಕ ಸುಟ್ಟು ಕಬ್ಬಿನ ರಸಕ್ಕೆ ಹಾಯಿಸುವ ಅನಿಲವೇ, ಹಾಳೆಯೊಳಗಿನ ಸೋಡಿಯಂ ಮೆಟಾಬೈಸಲ್ಫೈಟ್ ತೇವ ತಗಲಿದಾಗ ಹೊರಬಂದು ಬೂದು ಕೊಳೆಯನ್ನು ತಡೆಯುತ್ತದೆ. ಮೊದಲು ಬೇಗನೆ, ಆಮೇಲೆ ನಿಧಾನವಾಗಿ ಅನಿಲ ಬಿಡುವ ಎರಡು ಪದರ ಅದರಲ್ಲಿರುತ್ತವೆ. ಹಣ್ಣು ಒದ್ದೆಯಾಗಿದ್ದರೆ ಅನಿಲ ಒಮ್ಮೆಗೇ ಬಂದು ಕಾಳು ಬಿಳಿಚುತ್ತದೆ. ಆದ್ದರಿಂದ ಒಣ ಹಣ್ಣು, ಒಣ ಪೆಟ್ಟಿಗೆ.

ಪಾಠದ ಸಾರ

1. ಮಳೆ ಬಿದ್ದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಒಂದು ವಾರದ ಸುಮಾರಿಗೆ ಎಲೆಯ ಕೆಳಭಾಗ ತಿರುವಿ ನೋಡಿ.
2. ನೀರು ನಿಂತರೆ ತುಪ್ಪಟ, ನೆರಳು ನಿಂತರೆ ಬೂದಿ, ಗಾಯ ಉಳಿದರೆ ಚಿಬ್ಬು.
3. ತಡೆಯುವ ಔಷಧಿ ಮಳೆಗೆ ಮುಂಚೆ. ಅಂತರ್ವ್ಯಾಪಿ ಔಷಧಿ ಗುಂಪು ಬದಲಿಸಿ.
4. ಹೊಡೆದ ಔಷಧಿ, ಪ್ರಮಾಣ, ತಾರೀಖು ಇವನ್ನು ವಹಿಯಲ್ಲಿ ಬರೆಯಿರಿ. ವ್ಯಾಪಾರಿ ಕೇಳಿದರೆ ಅದೇ ನಿಮ್ಮ ಸಾಕ್ಷಿ.
5. ಸಿಂಪಡಿಸುವವರ ಬಾಯಿ, ಮೂಗು, ಕೈ ಮುಚ್ಚಿರಲಿ. ಆಳು ಮನುಷ್ಯರಿಗೂ ಇದೇ ನಿಯಮ.
6. ಒಡೆದ ಕಾಳನ್ನು ತೋಟದಲ್ಲೇ ಬಿಡಿ, ಪೆಟ್ಟಿಗೆಗೆ ಕಳಿಸಬೇಡಿ.

ಈ ಹಂಗಾಮಿನಲ್ಲಿ ಕಬ್ಬಿನ ತೋಡಣಿಯ ಗಡಿಬಿಡಿ ಮತ್ತು ದ್ರಾಕ್ಷಿಯ ಕೆಲಸ ಒಟ್ಟಿಗೇ ಬರುತ್ತವೆ. ಎಷ್ಟೇ ಗಡಿಬಿಡಿಯಿದ್ದರೂ ದಿನಕ್ಕೊಮ್ಮೆ, ಬೆಳಗಿನ ಹೊತ್ತು, ಹಂದರದ ಕೆಳಗೆ ಒಂದು ಸುತ್ತು ಹಾಕಿರಿ. ಬೇಗ ಕಂಡ ರೋಗಕ್ಕೆ ಖರ್ಚು ಕಡಿಮೆ.